ಲಜರೆಟ್ಟೋ ಅಲ್ಟ್ರಾ ಎಲ್‌ಪಿ: ಆರು ತಿಂಗಳು ಕೇಳಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಅಲಂಕಾರದ ಗ್ರಾಮಫೋನ್ ರೆಕಾರ್ಡು ಅಂತ ಒಂದೇ ಒಂದು ಕೊಳ್ಳುವಷ್ಟು ದುಡ್ಡು ಕೈಯಲ್ಲಿದ್ದರೆ ಬಣ್ಣ ಎರಚಿದ್ದು ಬೇಡ, ಚಿತ್ರ ಇರುವುದು ಬೇಡ, ಕತ್ತಲಲ್ಲಿ ಹೊಳೆಯುವುದಂತೂ ಬೇಡವೇ ಬೇಡ. ಅಮೆರಿಕದ ರಾಕ್ ಹಾಡುಗಾರ ಜಾಕ್ ವೈಟ್‌ನ ‘ಲಜರೆಟ್ಟೋ’ ಆಲ್ಬಮ್ಮಿನ ಅಲ್ಟ್ರಾ ಎಲ್‌ಪಿ ತಗೊಳ್ಳಿ. ಎಲ್‌ಪಿ ಅಂದರೆ ಆಲ್ಬಮ್ ಪೂರ್ತಿ ಹಿಡಿಯುವ ದೊಡ್ಡ ರೆಕಾರ್ಡು. ದೂರದಿಂದ ನೋಡಿದರೆ ಇದು ಬರೀ ಕಪ್ಪು ತಟ್ಟೆ. ಹತ್ತಿರ ಕೂತು ನೋಡಿದರೆ, ಮುಳ್ಳು ಇಟ್ಟು ಕೇಳಿದರೆ ಮಾತ್ರ ಇದರ ಅಲಂಕಾರ ಗೊತ್ತಾಗುತ್ತದೆ. ಆರು ತಿಂಗಳಿಂದ ನಮ್ಮ ಮನೆಯಲ್ಲಿದೆ, ವಾರಕ್ಕೆ ಒಂದು ಸಲವಾದರೂ ಕಪಾಟಿನಿಂದ ಕೆಳಗೆ ಇಳಿಯುತ್ತದೆ. ನನ್ನ ಬೇರೆ ಯಾವ ಬಣ್ಣದ ತಟ್ಟೆಗೂ ಆ ಭಾಗ್ಯ ಸಿಕ್ಕಿಲ್ಲ.

ನಾನಿರುವುದು ದಾವಣಗೆರೆಯ ನಿಟ್ಟುವಳ್ಳಿಯಲ್ಲಿ. ಹೊಸ ವಿನೈಲ್, ಅಂದರೆ ಈ ಪ್ಲಾಸ್ಟಿಕ್ ರೆಕಾರ್ಡು, ಮಾರುವ ಅಂಗಡಿ ನಮ್ಮೂರಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಹಾಗಾಗಿ ಬೆಂಗಳೂರಿಗೆ ಹೋದಾಗ ಒಂದೆರಡು, ಉಳಿದದ್ದೆಲ್ಲ ಆನ್‌ಲೈನ್. ಐದು ವರ್ಷದಲ್ಲಿ ನಲವತ್ತು ಚಿಲ್ಲರೆ ರೆಕಾರ್ಡು ಸೇರಿವೆ, ಅದರಲ್ಲಿ 14 ಈ ಥರದ ಅಲಂಕಾರದವು, ಎಲ್ಲವೂ ಈಚಿನ ಆಲ್ಬಮ್‌ಗಳು. ಈ ಹುಚ್ಚು ಹತ್ತಿದ್ದಕ್ಕೆ ನಮ್ಮ ದೊಡ್ಡಪ್ಪ ಕಾರಣ. ಅವರು ಚೌಕಿಪೇಟೆ ಕಡೆ ಮೈಕ್‌ಸೆಟ್ ಅಂಗಡಿ ಇಟ್ಟಿದ್ದರು. ಮದುವೆ, ಗಣಪತಿ, ದುಗ್ಗಮ್ಮನ ಜಾತ್ರೆ, ಎಲ್ಲಿ ಹಾರ್ನ್ ಕಟ್ಟಬೇಕೋ ಅಲ್ಲಿಗೆ ಪೆಟ್ಟಿಗೆ ತುಂಬ ರೆಕಾರ್ಡು ಹೊತ್ತುಕೊಂಡು ಹೋಗುತ್ತಿದ್ದರು. ಅವರ ಬಾಯಲ್ಲಿ ಇವತ್ತಿಗೂ ಅದು ‘ಪ್ಲೇಟು’. ಅಂಗಡಿ ಮುಚ್ಚಿ ಎಷ್ಟೋ ವರ್ಷ ಆಯಿತು. ಆದರೆ ಆ ನಾಲ್ಕು ಸ್ಪೀಡಿನ ಹಳೇ ಪ್ಲೇಯರ್, ಒಂದು ಆಂಪ್ಲಿಫೈಯರ್, ಒಂದು ಟ್ರಂಕ್ ಪ್ಲೇಟು ಹಾಗೇ ಇವೆ. ಈ ಪ್ಲೇಯರ್ ವಿಷಯ ಮುಂದೆ ಬರುತ್ತದೆ, ನೆನಪಿರಲಿ.

ಈಗ ತಟ್ಟೆಯ ವಿಷಯ. ‘ಲಜರೆಟ್ಟೋ’ ಬಂದದ್ದು 2014ರ ಜೂನ್‌ನಲ್ಲಿ, ನ್ಯಾಶ್‌ವಿಲ್‌ನಲ್ಲಿರುವ ಜಾಕ್ ವೈಟ್‌ನದೇ ಕಂಪನಿ ಥರ್ಡ್ ಮ್ಯಾನ್ ರೆಕಾರ್ಡ್ಸ್‌ನಿಂದ. ಲಜರೆಟ್ಟೋ ಅಂದರೆ ಅಂಟುರೋಗ ಬಂದವರನ್ನು ಊರಿಂದ ಬೇರೆ ಇಡುತ್ತಿದ್ದ ಜಾಗ. ನಮ್ಮ ಕಡೆ ಪ್ಲೇಗು ಬಂದಾಗ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರು ಅಂತ ಅಜ್ಜಿಯರು ಹೇಳುತ್ತಿದ್ದರಲ್ಲ, ಆ ಥರ. ಅದೇ ಹೆಸರಿನ ಹಾಡಿಗೆ 2015ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ಅಮೆರಿಕದಲ್ಲಿ ಮೊದಲ ವಾರದಲ್ಲೇ 40,000ಕ್ಕೂ ಜಾಸ್ತಿ ಎಲ್‌ಪಿ ಮಾರಾಟವಾದವು. ಅಲ್ಲಿ 1991ರಿಂದ ಕಂಪ್ಯೂಟರ್‌ನಲ್ಲಿ ಲೆಕ್ಕ ಇಡಲು ಶುರು ಮಾಡಿದ ಮೇಲೆ ಒಂದೇ ವಾರದಲ್ಲಿ ಅಷ್ಟು ಎಲ್‌ಪಿ ಹೋದದ್ದು ಅದೇ ಮೊದಲು. ಹಾಡು ಚೆನ್ನಾಗಿದ್ದವು ಸರಿ, ಆದರೆ ಜನ ಮುಗಿಬಿದ್ದದ್ದಕ್ಕೆ ಈ ತಟ್ಟೆಯ ಒಳಗಿನ ಕರಾಮತ್ತೂ ಕಾರಣ.

ತೂಕ 180 ಗ್ರಾಂ. ಮಾಮೂಲಿ ಎಲ್‌ಪಿ 120ರಿಂದ 140 ಗ್ರಾಂ ಇರುತ್ತದೆ, ಕೈಯಲ್ಲಿ ಹಿಡಿದಾಗಲೇ ವ್ಯತ್ಯಾಸ ಗೊತ್ತಾಗುತ್ತದೆ. ಅಂಚು ಚಪ್ಪಟೆ, ಉಬ್ಬು ಇಲ್ಲ. ಒಂದು ಬದಿ ಫಳಫಳ ಹೊಳೆಯುತ್ತದೆ. ಇನ್ನೊಂದು ಬದಿಗೆ ಹೊಳಪೇ ಇಲ್ಲ, ಮಬ್ಬು ಕಪ್ಪು, ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಕಾಲದ ಪ್ಲೇಟಿನ ಹಾಗೆ. ಹಳೇ ಪ್ಲೇಟು ಅರಗಿನಲ್ಲಿ ಮಾಡುತ್ತಿದ್ದರು. ಹೌದು, ನಮ್ಮ ಅರಗಿನ ಮನೆಯ ಅರಗೇ. ಅದಕ್ಕೇ ಕೈ ಜಾರಿದರೆ ಚೂರು ಚೂರು. ದೊಡ್ಡಪ್ಪ ಆ ಮಬ್ಬು ಬದಿಯನ್ನು ಬೆರಳ ಅಂಚಿನಲ್ಲಿ ಹಿಡಿದು, ಬೆಳಕಿಗೆ ಓರೆ ಮಾಡಿ, ಉಗುರಿನಿಂದ ಅಂಚಿಗೆ ಮೆಲ್ಲಗೆ ತಟ್ಟಿ ಸದ್ದು ಕೇಳಿದರು. “ಅರಗಿಂದಲ್ಲ. ಆದ್ರೆ ಹಂಗೇ ಕಾಣಂಗೆ ಮಾಡ್ಯಾರೆ ನೋಡು” ಅಂದರು. ಅವರ ಮುಖ ಆಗ ನೋಡಬೇಕಿತ್ತು.

ಹೊಳೆಯುವ ಬದಿ ಹಾಕಿದರೆ ಮೊದಲ ಆಶ್ಚರ್ಯ. ಅದು ಒಳಗಿನಿಂದ ಹೊರಗೆ ಓಡುತ್ತದೆ. ಮುಳ್ಳನ್ನು ಅಂಚಿನಲ್ಲಿ ಇಡುವ ಹಾಗಿಲ್ಲ, ನಡುವಿನ ಲೇಬಲ್ ಹತ್ತಿರ ಇಡಬೇಕು, ಅದು ನಿಧಾನವಾಗಿ ಹೊರಗೆ ಬರುತ್ತದೆ. “ಇದೇನಪ್ಪಾ, ಹಿಂದು ಮುಂದಾಗಿ ಹೊಂಟೈತೆ!” ಅಂತ ದೊಡ್ಡಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. ಸಾವಿರಾರು ಪ್ಲೇಟು ಹಾಕಿದ ಕೈ ಅದು, ಇಂಥದ್ದನ್ನು ಅವರೂ ನೋಡಿರಲಿಲ್ಲ. ಇದರಲ್ಲಿ ಒಂದು ಲಾಭವೂ ಇದೆ. ತಟ್ಟೆ ತಿರುಗುವ ಸ್ಪೀಡು ನಿಮಿಷಕ್ಕೆ 33⅓ ಸುತ್ತು ಅಂತ ಒಂದೇ ಆದರೂ, ಹೊರಗಿನ ಸುತ್ತು ದೊಡ್ಡದು, ಒಳಗಿನದು ಚಿಕ್ಕದು. ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಹಾಡು ಕೊರೆದ ಗೆರೆ ಸುಮಾರು 50 ಸೆಂಟಿಮೀಟರ್ ಹಾದು ಹೋದರೆ, ಲೇಬಲ್ ಹತ್ತಿರ 20 ಚಿಲ್ಲರೆ ಅಷ್ಟೇ. ಜಾಗ ಕಮ್ಮಿ ಆದಾಗ ಜೋರು ಸದ್ದು, ಚುರುಕು ಸದ್ದು ಸ್ವಲ್ಪ ಒಡೆಯುತ್ತದೆ. ಮಾಮೂಲಿ ಎಲ್‌ಪಿಯಲ್ಲಿ ಪ್ರತಿ ಬದಿಯ ಕೊನೆಯ ಹಾಡು ಮಂಕಾಗುವುದು ಇದಕ್ಕೇ. ಇಲ್ಲಿ ಉಲ್ಟಾ, ಹೋಗ್ತಾ ಹೋಗ್ತಾ ಸದ್ದು ಬಿಚ್ಚಿಕೊಳ್ಳುತ್ತದೆ. ಗಿಟಾರ್ ಕಿರುಚುವ ಕಡೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಎರಡೂ ಬದಿ ಮುಗಿಯುವುದು ಮುಚ್ಚಿದ ಸುತ್ತಿನಲ್ಲಿ. ನೀವಾಗಿ ಮುಳ್ಳು ಎತ್ತುವವರೆಗೂ ಅದೇ ಸುತ್ತು ಕೇಳುತ್ತಲೇ ಇರುತ್ತದೆ.

ಒಂದು ಎಚ್ಚರಿಕೆ. ಮುಳ್ಳು ಇರುವ ಕೈಯನ್ನು ತಾನೇ ಎತ್ತಿ ವಾಪಸ್ ಇಡುವ ಆಟೊಮ್ಯಾಟಿಕ್ ಪ್ಲೇಯರ್ ಇದ್ದವರಿಗೆ ಇದು ಕಿರಿಕಿರಿ ಕೊಡಬಹುದು. ಕೈ ಲೇಬಲ್ ಹತ್ತಿರ ಹೋದ ತಕ್ಷಣ ಹಾಡು ಮುಗಿಯಿತು ಅಂತ ತಿಳಿದು ಎತ್ತಿಬಿಡುವ ಪ್ಲೇಯರ್‌ಗಳಿವೆ. ನನ್ನದು ಕೈಯಿಂದಲೇ ಇಟ್ಟು ಎತ್ತುವ ಬೆಲ್ಟ್ ಡ್ರೈವ್, ತೊಂದರೆ ಆಗಲಿಲ್ಲ.

ಇನ್ನೊಂದು ಕರಾಮತ್ತು. ‘ಜಸ್ಟ್ ಒನ್ ಡ್ರಿಂಕ್’ ಅನ್ನುವ ಹಾಡಿಗೆ ಎರಡು ಆರಂಭ ಕೊರೆದಿದ್ದಾರೆ. ಪಕ್ಕಪಕ್ಕದಲ್ಲೇ ಎರಡು ಗೆರೆ ಓಡುತ್ತವೆ. ಮುಳ್ಳು ಒಂದರಲ್ಲಿ ಬಿದ್ದರೆ ಎಲೆಕ್ಟ್ರಿಕ್ ಗಿಟಾರ್, ಇನ್ನೊಂದರಲ್ಲಿ ಬಿದ್ದರೆ ಅಕೂಸ್ಟಿಕ್, ಅಂದರೆ ಕರೆಂಟ್ ಬೇಡದ ಗಿಟಾರ್. ಸ್ವಲ್ಪ ಮುಂದೆ ಹೋಗಿ ಎರಡೂ ಗೆರೆ ಒಂದಾಗುತ್ತವೆ. ಯಾವುದು ಸಿಗುತ್ತದೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಮೊದಲ ಒಂದು ತಿಂಗಳು ನನಗೆ ಬರೀ ಎಲೆಕ್ಟ್ರಿಕ್ಕೇ ಸಿಗುತ್ತಿತ್ತು. ಒಂದು ಭಾನುವಾರ ಬೆಳಿಗ್ಗೆ, ಬೆಣ್ಣೆದೋಸೆ ಕಟ್ಟಿಸಿಕೊಂಡು ಬಂದು, ಕೈ ಒರೆಸಿಕೊಂಡು ಹಾಕಿದೆ ನೋಡಿ, ಅಕೂಸ್ಟಿಕ್ ಬಂತು! ಗೊತ್ತಿದ್ದ ಹಾಡೇ ಹೊಸದಾಗಿ ಬಂದು ಕೂತಂತಾಯಿತು. ಫೋನಿನಲ್ಲಿ ಹಾಡು ಕೇಳುವಾಗ ಈ ಖುಷಿ ಎಲ್ಲಿ ಸಿಗಬೇಕು?

ಈಗ ದೇವದೂತೆ. ಹೊಳೆಯುವ ಬದಿಯಲ್ಲಿ ಗೆರೆ ಇಲ್ಲದ ಖಾಲಿ ಜಾಗ ಒಂದಿದೆ. ಅಲ್ಲಿ ಟ್ರಿಸ್ಟನ್ ಡ್ಯೂಕ್ ಅನ್ನುವ ಕಲಾವಿದ ಕೈಯಿಂದ ಸಣ್ಣ ಸಣ್ಣ ಗೀರು ಕೊರೆದು ದೇವದೂತೆಯ ಹೊಲೊಗ್ರಾಮ್, ಅಂದರೆ ಬೆಳಕು ಬಿದ್ದಾಗ ಎದ್ದು ನಿಂತ ಹಾಗೆ ಕಾಣುವ ಚಿತ್ರ, ಮಾಡಿದ್ದಾರೆ. ರೆಕಾರ್ಡಿನ ಮೇಲೆ ಇಂಥ ಹೊಲೊಗ್ರಾಮ್ ಬಂದದ್ದು ಇದೇ ಮೊದಲು. ತಂದ ದಿನ ನಾನು ಹಾಲ್‌ನಲ್ಲಿ ಟ್ಯೂಬ್‌ಲೈಟ್ ಕೆಳಗೆ ಕಣ್ಣು ಕಿರಿದು ಮಾಡಿ ನೋಡಿದ್ದೇ ನೋಡಿದ್ದು, ಏನೂ ಕಾಣಲಿಲ್ಲ. ಯಾರೋ ಕೈಯಲ್ಲಿ ಉಜ್ಜಿದ ಗೀಟಿನ ಥರ ಇತ್ತು ಅಷ್ಟೇ. ಮೋಸ ಹೋದೆ ಅಂದುಕೊಂಡೆ. ಎರಡು ದಿನ ಬಿಟ್ಟು ಸಂಜೆ ಹಾಡು ಓಡುತ್ತಿದ್ದಾಗಲೇ ಕರೆಂಟ್ ಹೋಯಿತು. ಇನ್ವರ್ಟರ್ ಇರುವುದರಿಂದ ಪ್ಲೇಯರ್ ನಿಲ್ಲಲಿಲ್ಲ, ಆದರೆ ಹಾಲ್‌ನ ಟ್ಯೂಬ್‌ಲೈಟ್ ಆ ಲೈನಿನಲ್ಲಿ ಇಲ್ಲ, ಕತ್ತಲು. ಮುಳ್ಳು ಎಲ್ಲಿದೆ ನೋಡೋಣ ಅಂತ ಫೋನಿನ ಟಾರ್ಚ್ ಹಾಕಿ ನೇರ ಮೇಲಿನಿಂದ ಹಿಡಿದೆ.

ತಟ್ಟೆಯ ಮೇಲೆ, ಮೇಲೆ ಅಂದರೆ ತಟ್ಟೆಗೆ ಅಂಟಿಕೊಂಡಲ್ಲ, ಸ್ವಲ್ಪ ಗಾಳಿಯಲ್ಲಿ, ರೆಕ್ಕೆ ಇರುವ ಒಂದು ಪುಟ್ಟ ಆಕೃತಿ. ಬೆಳ್ಳಿ ಗೆರೆಯಲ್ಲಿ ಬರೆದ ಹಾಗೆ. ತಟ್ಟೆ ತಿರುಗಿದ ಹಾಗೆ ಅದೂ ತಿರುಗುತ್ತಿತ್ತು, ಬೆನ್ನು ತೋರಿಸಿ, ಪಕ್ಕ ತೋರಿಸಿ, ಮತ್ತೆ ಮುಖ. ಉಸಿರು ಬಿಟ್ಟರೆ ಹೋದೀತು ಅನ್ನುವ ಹಾಗೆ ನಿಂತಿದ್ದೆ. ದೊಡ್ಡಮ್ಮ ಒಳಗಿನಿಂದ ಮೇಣದಬತ್ತಿ ತಂದವರು ಅಲ್ಲೇ ನಿಂತರು. “ಯವ್ವಾ, ಗೊಂಬಿ ಕುಣಿತೈತಲ್ಲೋ” ಅಂದರು. ಟ್ಯೂಬ್‌ಲೈಟ್ ಉದ್ದಕ್ಕೆ ಇರುವುದರಿಂದ ಅದರ ಬೆಳಕು ಎಲ್ಲ ಕಡೆಯಿಂದ ಬಿದ್ದು ಆಕೃತಿ ಕಲಸಿಹೋಗುತ್ತದೆ. ಒಂದೇ ಚುಕ್ಕಿ ಬೆಳಕು ಬೇಕು, ಬಿಸಿಲೋ ಟಾರ್ಚೋ. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಎರಡು ದಿನ ಬೇಜಾರು ತಪ್ಪುತ್ತಿತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಕೊನೆಯ ಕರಾಮತ್ತಿಗೆ ದೊಡ್ಡಪ್ಪನ ಪ್ಲೇಯರ್ ಬೇಕಾಯಿತು. ತಟ್ಟೆಯ ನಡುವಿನ ಕಾಗದದ ಲೇಬಲ್ ಕೆಳಗೆ ಎರಡು ಹಾಡು ಬಚ್ಚಿಟ್ಟಿದ್ದಾರೆ. ಒಂದು 78ರ ಸ್ಪೀಡಿನಲ್ಲಿ, ಇನ್ನೊಂದು 45ರಲ್ಲಿ. ಉಳಿದ ಹಾಡೆಲ್ಲ 33⅓. ಒಂದೇ ತಟ್ಟೆ, ಮೂರು ಸ್ಪೀಡು. ನನ್ನ ಹೊಸ ಪ್ಲೇಯರ್‌ನಲ್ಲಿ 33 ಮತ್ತು 45 ಮಾತ್ರ ಇದೆ. ಈಗ ಮಾರುವ ಎಷ್ಟೋ ಪ್ಲೇಯರ್‌ಗಳು ಹೀಗೇ, ಕೊಳ್ಳುವ ಮುಂಚೆ ನೋಡಿಕೊಳ್ಳಿ. ದೊಡ್ಡಪ್ಪನದರಲ್ಲಿ 16, 33, 45, 78 ನಾಲ್ಕೂ ಇವೆ. ಅಟ್ಟದಿಂದ ಇಳಿಸಿದೆವು. ರಬ್ಬರ್ ಚಕ್ರ ಗಟ್ಟಿಯಾಗಿ ಗೊರಗೊರ ಅನ್ನುತ್ತಿತ್ತು, ಒರೆಸಿ, ಎಣ್ಣೆ ಬಿಟ್ಟು, ಅರ್ಧ ಗಂಟೆ ಸುಮ್ನೆ ತಿರುಗಲು ಬಿಟ್ಟ ಮೇಲೆ ಸರಿಹೋಯಿತು.

ದೊಡ್ಡಪ್ಪ ಸ್ಪೀಡಿನ ಗುಂಡಿಯನ್ನು 78ಕ್ಕೆ ತಿರುಗಿಸಿದರು. ಅದರ ಹಿಂದೆಯೇ, ಅಭ್ಯಾಸ ನೋಡಿ, ಮುಳ್ಳಿನ ತುದಿಯಲ್ಲಿರುವ ಪುಟ್ಟ ಕಡ್ಡಿಯನ್ನೂ 78ರ ಕಡೆಗೆ ಮಗುಚಲು ಹೋದರು. ಹಳೇ ಪ್ಲೇಯರ್ ನೋಡಿದವರಿಗೆ ಗೊತ್ತು, ಆ ಕಡ್ಡಿಯ ಒಂದು ಪಕ್ಕದಲ್ಲಿ ಎಲ್‌ಪಿಗೆ ಸಣ್ಣ ಮುಳ್ಳು, ಇನ್ನೊಂದು ಪಕ್ಕದಲ್ಲಿ ಹಳೇ ಪ್ಲೇಟಿಗೆ ದಪ್ಪ ಮುಳ್ಳು ಇರುತ್ತದೆ. “ದೊಡ್ಡಪ್ಪ, ತಡೀರಿ! ಸ್ಪೀಡು ಮಾತ್ರ 78, ಗೆರೆ ಎಲ್‌ಪಿದೇ” ಅಂದೆ. ಅವರ ಕೈ ಅಲ್ಲೇ ನಿಂತಿತು. ಎರಡು ಕ್ಷಣ ಯೋಚಿಸಿದರು. ಕಡ್ಡಿಯನ್ನು ಎಲ್‌ಪಿ ಕಡೆಯೇ ಬಿಟ್ಟು, ಮುಳ್ಳನ್ನು ಲೇಬಲ್‌ನ ಕಾಗದದ ಮೇಲೆ, ಕೂಸನ್ನು ತೊಟ್ಟಿಲಿಗೆ ಇಟ್ಟ ಹಾಗೆ ಇಟ್ಟರು. ಕಾಗದದ ಮೇಲೆ ಓಡುವ ಮುಳ್ಳಿನ ಸದ್ದು ಒರಟು, ಸರಸರ ಅನ್ನುತ್ತದೆ. ಅದರ ಒಳಗಿನಿಂದ ಹಾಡು ಎದ್ದು ಬಂತು. ದೊಡ್ಡಪ್ಪ ಪ್ಲೇಯರ್ ಕಡೆ ಬಗ್ಗಿ ಕಿವಿ ಕೊಟ್ಟು ಕೇಳಿದರು, ಮುಗಿಯುವವರೆಗೂ ಮಾತಾಡಲಿಲ್ಲ. ಇಂಗ್ಲಿಷ್ ಹಾಡು ಅವರಿಗೆ ಒಂದಕ್ಷರ ಅರ್ಥ ಆಗಿಲ್ಲ, ಗೊತ್ತು. “ಮತ್ತೊಂದ್ಸಲ ಹಾಕ್ಲಾ?” ಅಂತ ಅವರೇ ಕೇಳಿದರು.

ಬೇಡ ಅನ್ನಬೇಕಾಯಿತು, ಕಾರಣ ಹೇಳುತ್ತೇನೆ. ಅದರ ಕಾರ್ಟ್ರಿಡ್ಜ್, ಅಂದರೆ ಮುಳ್ಳು ಕೂರಿಸಿರುವ ತಲೆ, ಹಳೇ ಕಾಲದ್ದು, ತಟ್ಟೆಯ ಮೇಲೆ ಬೀಳುವ ಭಾರ ತುಂಬ ಜಾಸ್ತಿ. ನನ್ನ ಹೊಸ ಪ್ಲೇಯರ್‌ನಲ್ಲಿ ಭಾರ ಎರಡು ಗ್ರಾಂಗಿಂತ ಕಮ್ಮಿ ಇಟ್ಟಿದ್ದೇನೆ. ಬಚ್ಚಿಟ್ಟ ಹಾಡಿಗೆ ಒಂದು ಸಲ ಸರಿ, ಉಳಿದ ಹಾಡುಗಳನ್ನು ಅಂಥ ಹಳೇ ಮುಳ್ಳಿನಲ್ಲಿ ಖಂಡಿತ ಹಾಕಬೇಡಿ, ಗೆರೆ ಕೆರೆದು ಹೋಗುತ್ತದೆ. 45ರ ಹಾಡನ್ನು ನನ್ನ ಪ್ಲೇಯರ್‌ನಲ್ಲೇ ಕೇಳಿದೆವು.

ಬಚ್ಚಿಡುವುದು ಈ ಜಾಕ್ ವೈಟ್‌ನ ರಕ್ತದಲ್ಲೇ ಇದೆ ಅನಿಸುತ್ತದೆ. ಹಾಡುಗಾರನಾಗುವ ಮುಂಚೆ ಡೆಟ್ರಾಯಿಟ್‌ನಲ್ಲಿ ಕುಶನ್ ಕೆಲಸ ಮಾಡುತ್ತಿದ್ದವನು, ನಮ್ಮಲ್ಲಿ ಸೋಫಾಕ್ಕೆ ರೆಗ್ಜಿನ್ ಹೊಡೆಯುತ್ತಾರಲ್ಲ, ಅದೇ ಕೆಲಸ. ಕೆಲಸ ಕಲಿಸಿದವರ ಅಂಗಡಿಗೆ 25 ವರ್ಷ ಆದಾಗ, 2004ರಲ್ಲಿ, ಇಬ್ಬರೂ ಸೇರಿ ಹಾಡಿದ 100 ರೆಕಾರ್ಡುಗಳನ್ನು ರಿಪೇರಿಗೆ ಬಂದ ಕುರ್ಚಿ, ಸೋಫಾಗಳ ಒಳಗೆ ಸೇರಿಸಿ ಹೊಲಿದುಬಿಟ್ಟರು. ಇನ್ನು ‘ಲಜರೆಟ್ಟೋ’ ಹಾಡನ್ನೇ 2014ರ ಏಪ್ರಿಲ್ 19ರಂದು, ರೆಕಾರ್ಡ್ ಅಂಗಡಿಗಳ ಹಬ್ಬವಾದ ರೆಕಾರ್ಡ್ ಸ್ಟೋರ್ ಡೇ ದಿನ, ಜನರ ಎದುರು ಹಾಡಿ, ನೇರ ತಟ್ಟೆಗೆ ಕೊರೆದು, ಕಾರ್ಖಾನೆಗೆ ಕಳಿಸಿ, ಒತ್ತಿಸಿ ತಂದು ಮಾರಿದರು. ಹಾಡಿದ್ದರಿಂದ ಮಾರುವವರೆಗೆ 3 ಗಂಟೆ 55 ನಿಮಿಷ 21 ಸೆಕೆಂಡ್. ಕೈಕೆಲಸ ಗೊತ್ತಿರುವವರ ಹಟ ಇದು. ಈ ತಟ್ಟೆಯಲ್ಲೂ ಅದೇ ಕಾಣುತ್ತದೆ.

ಹಾಗಂತ ಬಣ್ಣದ ತಟ್ಟೆಗಳ ಮೇಲೆ ನನಗೆ ಸಿಟ್ಟಿಲ್ಲ. ಅದೂ ಹೊಸದೇನಲ್ಲ. 1949ರಲ್ಲಿ ಆರ್‌ಸಿಎ ಕಂಪನಿ 45ರ ಸಣ್ಣ ತಟ್ಟೆ ತಂದಾಗಲೇ ಒಂದೊಂದು ಬಗೆಯ ಹಾಡಿಗೆ ಒಂದೊಂದು ಬಣ್ಣ ಇಟ್ಟಿತ್ತು. ಕ್ಲಾಸಿಕಲ್‌ಗೆ ಕೆಂಪು, ಅಮೆರಿಕದ ಹಳ್ಳಿ ಕಡೆಯ ಕಂಟ್ರಿ ಹಾಡಿಗೆ ಹಸಿರು, ಮಕ್ಕಳ ಹಾಡಿಗೆ ಹಳದಿ. ನೋಡಿದ ಕೂಡಲೇ ಯಾವುದು ಅಂತ ಗೊತ್ತಾಗುತ್ತಿತ್ತು, ಎಷ್ಟು ಚೆಂದದ ಯೋಚನೆ ಅಲ್ವಾ. ವಿನೈಲ್‌ಗೆ ತನ್ನದೇ ಬಣ್ಣ ಇಲ್ಲ. ಕಪ್ಪು ಮಸಿ ಬೆರೆಸುವುದರಿಂದ ಕಪ್ಪಾಗುತ್ತದೆ. ಬಿಸಿ ಮಾಡಿದ ವಿನೈಲ್ ಉಂಡೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು, ಹಪ್ಪಳ ಒತ್ತುವ ಹಾಗೆ ಒತ್ತುತ್ತಾರೆ. ಆ ಉಂಡೆಯ ಮೇಲೆ ಬೇರೆ ಬಣ್ಣದ ಕಾಳು ಉದುರಿಸಿ ಒತ್ತಿದರೆ ಅದು ಸ್ಪ್ಲ್ಯಾಟರ್. ಒಂದರ ಹಾಗೆ ಇನ್ನೊಂದು ಬರುವುದಿಲ್ಲ. ನನ್ನ ಹತ್ತಿರ ಬಿಳಿ ಮೇಲೆ ಗುಲಾಬಿ, ನೀಲಿ ಎರಚಿದ್ದು ಒಂದಿದೆ. ಹೋಳಿ ಮುಗಿದ ಮಧ್ಯಾಹ್ನ ರಾಮ್ ಅಂಡ್ ಕೋ ವೃತ್ತದ ರಸ್ತೆ ನೋಡಿದ ಹಾಗೆ ಇದೆ. ಸದ್ದಿನಲ್ಲಿ ಕಪ್ಪಿಗೂ ಇದಕ್ಕೂ ನನ್ನ ಕಿವಿಗೆ ವ್ಯತ್ಯಾಸ ಕಾಣಲಿಲ್ಲ. ಖುಷಿಯಾಗಿ ಕೊಳ್ಳಬಹುದು. ಆದರೆ ಬಿಳಿ ತಟ್ಟೆಯಲ್ಲಿ ಹಾಡಿನ ನಡುವಿನ ಗೆರೆ ಕಾಣುವುದಿಲ್ಲ, ಮುಳ್ಳು ಎಲ್ಲಿ ಇಡಬೇಕು ಅಂತ ತಡಕಾಡಬೇಕು.

ಪಿಕ್ಚರ್ ಡಿಸ್ಕ್ ಮಾತ್ರ ನನಗೆ ನೋವು ಕೊಟ್ಟಿದೆ. ಅದರಲ್ಲಿ ನಡುವೆ ಚಿತ್ರದ ಕಾಗದ, ಮೇಲೆ ಕೆಳಗೆ ತೆಳು ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಗೆರೆ ಇರುವುದು ಆ ಹಾಳೆಯ ಮೇಲೆ. ಅದಕ್ಕೇ ಹಾಡಿನ ಹಿಂದೆ ಸದಾ ಸುಯ್ ಅನ್ನುವ ಸದ್ದು. ನಾನು ಕೊಂಡದ್ದು ತಿರುಗುವಾಗ ಚಿತ್ರ ಚಲಿಸುವ ಬಗೆಯದು, ಝೋಟ್ರೋಪ್ ಅನ್ನುತ್ತಾರೆ. ತಟ್ಟೆಯ ಸುತ್ತ ಸ್ವಲ್ಪ ಸ್ವಲ್ಪ ಬದಲಾಗುವ ಚಿತ್ರಗಳ ಸಾಲು ಇರುತ್ತದೆ. ಒಂದು ಸುತ್ತಿಗೆ 1.8 ಸೆಕೆಂಡ್, ಫೋನಿನ ಕ್ಯಾಮೆರಾವನ್ನು ಸೆಕೆಂಡಿಗೆ 25 ಚಿತ್ರಕ್ಕೆ ಇಟ್ಟರೆ ಒಂದು ಸುತ್ತಿಗೆ 45 ಚಿತ್ರ, ಅದು ಹೊಂದಿಕೊಂಡಾಗ ಹಕ್ಕಿ ಹಾರುತ್ತದೆ. ಬರಿಗಣ್ಣಿಗೆ ಬಣ್ಣ ಕಲಸಿದ ಹಾಗೆ ಕಾಣುತ್ತದೆ ಅಷ್ಟೇ. ಮನೆಗೆ ಬಂದ ಗೆಳೆಯರೆಲ್ಲ ಫೋನ್ ಹಿಡಿದು ವಿಡಿಯೋ ಮಾಡಿಕೊಂಡರು. ಹಾಡು ಯಾವುದು ಅಂತ ಒಬ್ಬರೂ ಕೇಳಲಿಲ್ಲ. ನನಗೆ ಬೇಸರವಾದದ್ದು ಅದಕ್ಕೆ. ದೇವದೂತೆ ತೋರಿಸಿದಾಗ ಅದೇ ಗೆಳೆಯರು ತಟ್ಟೆಯ ಸುತ್ತ ಬಗ್ಗಿ ನಿಂತು ಪೂರ್ತಿ ಒಂದು ಬದಿ ಹಾಡು ಕೇಳಿದರು.

ಕತ್ತಲಲ್ಲಿ ಹೊಳೆಯುವುದು ಒಂದಿದೆ. ಸದ್ದು ಕರಕರ. ಹತ್ತು ನಿಮಿಷ ಬೆಳಕಿಗೆ ಇಟ್ಟರೆ ಸ್ವಲ್ಪ ಹೊತ್ತು ಹಸಿರಾಗಿ ಹೊಳೆಯುತ್ತದೆ. ಅಷ್ಟೇ.

ಇನ್ನು ಒಂದೇ ಆಲ್ಬಮ್ಮನ್ನು ನಾಲ್ಕು ಐದು ಬಣ್ಣದಲ್ಲಿ ಬಿಡುವ ವಿಷಯ. ಅಮೆರಿಕದ ಹಾಡುಗಾರ್ತಿ ಟೇಲರ್ ಸ್ವಿಫ್ಟ್‌ನ 2022ರ ‘ಮಿಡ್‌ನೈಟ್ಸ್’ ನೋಡಿ. ನಾಲ್ಕು ಬಣ್ಣದ ತಟ್ಟೆ, ನಾಲ್ಕರ ಹಿಂಬದಿ ಕವರ್ ಜೋಡಿಸಿದರೆ ಒಂದು ಗಡಿಯಾರ ಆಗುತ್ತದೆ. ಯೋಚನೆ ಜಾಣತನದ್ದೇ, ಆದರೆ ಅದೇ ಹಾಡು ನಾಲ್ಕು ಸಲ ಕೊಳ್ಳಬೇಕು. ಅಮೆರಿಕದಲ್ಲಿ ಅದೇ 2022ರಲ್ಲಿ ಸುಮಾರು 4 ಕೋಟಿ 10 ಲಕ್ಷ ವಿನೈಲ್ ಮಾರಾಟವಾದರೆ ಸಿಡಿ 3 ಕೋಟಿ 30 ಲಕ್ಷ. 1987ರ ನಂತರ ವಿನೈಲ್ ಸಿಡಿಯನ್ನು ಹಿಂದೆ ಹಾಕಿದ್ದು ಅದೇ ಮೊದಲು. ಬಣ್ಣಕ್ಕೊಂದು ಕೊಳ್ಳುವವರೂ ಆ ಲೆಕ್ಕದಲ್ಲಿದ್ದಾರೆ. ಅಲ್ಲಿನದೇ ಇನ್ನೊಬ್ಬ ಹಾಡುಗಾರ್ತಿ ಬಿಲ್ಲಿ ಐಲಿಶ್ ಇದನ್ನು ವ್ಯರ್ಥ ಅಂತ 2024ರಲ್ಲಿ ಬಾಯಿಬಿಟ್ಟು ಹೇಳಿದಳು. ಆ ವರ್ಷ ಬಂದ ತನ್ನ ಆಲ್ಬಮ್ಮಿಗೂ ಹಲವು ಬಣ್ಣ ಇಟ್ಟಳು, ಆದರೆ ಉಳಿದ ಚೂರುಗಳನ್ನು ಮತ್ತೆ ಕರಗಿಸಿ ಮಾಡಿದ ತಟ್ಟೆ, ಹೊಸ ಬಗೆಯ ವಿನೈಲ್ ಬಳಸಿದಳು. ನನ್ನ ಮಾತು ಇಷ್ಟೇ, ಒಂದು ಆಲ್ಬಮ್ಮಿಗೆ ಒಂದು ತಟ್ಟೆ ಸಾಕು. ಉಳಿದ ದುಡ್ಡಿಗೆ ಬೇರೆ ಹಾಡು ಬರುತ್ತದೆ. ಹೊಸ ಕನ್ನಡ ಆಲ್ಬಮ್ ಒಂದು ಬಣ್ಣದ ತಟ್ಟೆಯಲ್ಲಿ ನನ್ನ ಕೈಗೆ ಇನ್ನೂ ಸಿಕ್ಕಿಲ್ಲ, ಅದು ಬಂದ ದಿನ ಎಷ್ಟಾದರೂ ಕೊಟ್ಟು ತರುತ್ತೇನೆ.

ನಮ್ಮೂರಿನವರಿಗೆ ಎರಡು ಮಾತು. ಮೊದಲನೆಯದು ಬಿಸಿಲು. ಆ ಪಿಕ್ಚರ್ ಡಿಸ್ಕ್ ಏಪ್ರಿಲ್ ಕೊನೆಗೆ ಬಂತು. ಕೊರಿಯರ್ ಹುಡುಗ ಮನೆಯಲ್ಲಿ ಯಾರೂ ಇಲ್ಲ ಅಂತ ಡಬ್ಬಿಯನ್ನು ಮಧ್ಯಾಹ್ನ ಕಾಂಪೌಂಡ್ ಮೇಲೆ ಇಟ್ಟು ಹೋಗಿದ್ದ. ಸಂಜೆ ತೆಗೆದರೆ ತಟ್ಟೆ ನಡುವೆ ತಗ್ಗಾಗಿ ಒಗ್ಗರಣೆ ಬಾಣಲೆ ಥರ ಆಗಿತ್ತು. ಮಾರಿದವರಿಗೆ ಫೋಟೋ ಕಳಿಸಿದೆ, ಕಳಿಸುವಾಗ ಸರಿಯಿತ್ತು ಅಂದರು, ವಾಪಸ್ ತಗೊಳ್ಳಲಿಲ್ಲ. ಆ ದುಡ್ಡು ಹೋಯಿತು ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಹಾಗಾಗಿ ಮಾರ್ಚ್‌ನಿಂದ ಮೇವರೆಗೆ ತರಿಸಲೇಬೇಡಿ, ತರಿಸಿದರೆ ಮನೆಯಲ್ಲಿ ಇರುವ ದಿನ ನೋಡಿ ತರಿಸಿ. ಮನೆಯಲ್ಲೂ ನಿಲ್ಲಿಸಿಯೇ ಇಡಿ, ಒಂದರ ಮೇಲೊಂದು ಪೇರಿಸಬೇಡಿ.

ಎರಡನೆಯದು ಧೂಳು. ಮಂಡಕ್ಕಿ ಭಟ್ಟಿ ಕಡೆ ಮನೆ ಇರುವವರಿಗೆ ನಾನು ಹೇಳಬೇಕಾಗಿಲ್ಲ, ಕಿಟಕಿ ಸರಳಿನ ಮೇಲೆ ಬೆರಳಿಟ್ಟರೆ ಗೊತ್ತಾಗುತ್ತದೆ. ವಿನೈಲ್ ಧೂಳನ್ನು ಎಳೆದುಕೊಳ್ಳುತ್ತದೆ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್‌ಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಮೆತ್ತಗಿನ ಬಟ್ಟೆಯಲ್ಲಿ ಗೆರೆ ಸುತ್ತುವ ದಿಕ್ಕಿನಲ್ಲೇ ಒರೆಸಿ, ಲೇಬಲ್‌ಗೆ ನೀರು ತಾಗದ ಹಾಗೆ. ಈ ತಟ್ಟೆಯಲ್ಲಿ ಲೇಬಲ್ ಕೆಳಗೂ ಹಾಡಿದೆ, ಇನ್ನೂ ಹುಷಾರು. ದೊಡ್ಡಪ್ಪನ ಟ್ರಂಕಿನಲ್ಲಿ ಇರುವಂಥ ಅರಗಿನ ಪ್ಲೇಟಿಗೆ ಸ್ಪಿರಿಟ್ ಮಾತ್ರ ಮುಟ್ಟಿಸಬೇಡಿ, ಕರಗಿಬಿಡುತ್ತದೆ. ಬಡಗಿಗಳು ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿಯೇ ಪಾಲಿಶ್ ಮಾಡುವುದು.

ಕುಂದು ಹೇಳದೆ ಇರಬಾರದು. ನನಗೆ ಕೊರಿಯರ್ ಎಲ್ಲ ಸೇರಿ 3,400 ರೂಪಾಯಿ ಬಿತ್ತು, ಸಣ್ಣ ದುಡ್ಡಲ್ಲ. ಹಾಡುಗಳ ಸಾಲು ಸಿಡಿಗಿಂತ ಬೇರೆ, ಸಿಡಿ ಕೇಳಿ ಅಭ್ಯಾಸ ಇದ್ದವರಿಗೆ ಮೊದಮೊದಲು ಗೊಂದಲ. ಬಚ್ಚಿಟ್ಟ ಹಾಡುಗಳ ಸದ್ದು, ಮೊದಲೇ ಹೇಳಿದೆ, ಒರಟು. ಅಷ್ಟು ಬಿಟ್ಟರೆ ದೂರಲು ನನಗೇನೂ ಸಿಗಲಿಲ್ಲ. ರೆಕಾರ್ಡಿಂಗ್‌ನಲ್ಲಿ ಸದ್ದನ್ನು ಎಲ್ಲೂ ಹಿಂಡಿಲ್ಲ, ಮೆಲ್ಲಗಿರುವುದು ಮೆಲ್ಲಗೆ, ಜೋರಿರುವುದು ಜೋರಾಗಿಯೇ ಬರುತ್ತದೆ. ಹತ್ತಕ್ಕೆ ಒಂಬತ್ತು.

ಸೆಕೆಂಡ್ ಹ್ಯಾಂಡ್ ಸಿಕ್ಕರೂ ತಗೊಳ್ಳಿ. ಆದರೆ ಮಾರುವವರಿಂದ ಬರೀ ಕವರ್ ಫೋಟೋ ತರಿಸಿಕೊಂಡು ಒಪ್ಪಬೇಡಿ. ಯಾರಾದರೂ ಬಟ್ಟೆಯಲ್ಲಿ ಬಲವಾಗಿ ಉಜ್ಜಿದ್ದರೆ ದೇವದೂತೆಯ ಆ ಸಣ್ಣ ಗೀರುಗಳ ಮೇಲೆ ಬೇರೆ ಗೀರು ಬಿದ್ದಿರುತ್ತದೆ. ಮನೆಯ ಲೈಟ್ ಎಲ್ಲ ಆರಿಸಿ, ಫೋನಿನ ಟಾರ್ಚ್ ಮೇಲಿನಿಂದ ಹಿಡಿದು, ತಟ್ಟೆ ತಿರುಗುವಾಗ ಒಂದು ನಿಮಿಷದ ವಿಡಿಯೋ ಕಳಿಸಿ ಅನ್ನಿ. ದೇವದೂತೆ ಒಂದು ಸುತ್ತು ಪೂರ್ತಿ ತಿರುಗಿ ಮುಖ ತೋರಿಸಿದರೆ ದುಡ್ಡು ಹಾಕಿ.